ಬಂದವರು ಮೊದಲು ಬೀಸುತ್ತಾರೆ

ಖಾನಾಪುರದ ಹಂಚಿನ ಅಂಗಡಿಯೊಂದರ ಅಟ್ಟದ ಮೇಲೆ ಏಳೆಂಟು ಜನ ದೊಡ್ಡವರು ಚಾಪೆ ಹಾಸಿ ಕೂತಿದ್ದರು. ಒಬ್ಬರು ದಾಳ ಉರುಳಿಸಿದರು. ನಿಂತ ದಾಳ ನೋಡಿ, ಖಾಕಿ ಅಂಗಿಯ ಬಸ್ ಡ್ರೈವರೊಬ್ಬರು ಹಣೆಗೆ ಕೈ ಹಚ್ಚಿಕೊಂಡು, "ನಮ್ಮ ತುಕಾರಾಮನ ಮೊಣಕಾಲು ಹೋತು. ಇನ್ನ ದೀಪಾವಳಿತನಕ ಏಳೂದಿಲ್ಲಂವ" ಅಂದರು. ಉಳಿದವರು ಲೊಚಗುಟ್ಟಿದರು. ನನಗೆ ಸುಮ್ಮನಿರಲಾಗದೆ, "ಯಾವ ಆಸ್ಪತ್ರೆಗೆ ಸೇರಿಸಿದ್ದೀರಿ?" ಎಂದು ಕೇಳಿದೆ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆಮೇಲೆ ಗೊತ್ತಾಯಿತು, ತುಕಾರಾಮ ಅನ್ನುವವನು ಮನುಷ್ಯನೇ ಅಲ್ಲ. ಅಂಗೈ ಅಗಲದ ಒಂದು ರಟ್ಟಿನ ಕಾರ್ಡು. ಬೇಸ್‌ಬಾಲ್ ಆಟಗಾರ.

ಬೆಳಗಾವಿಗೆ ಬಂದು ನಾನು ಕಂಡ ಮೊದಲ ವಿಚಿತ್ರ ಇದಲ್ಲ. ಆದರೆ ಇವತ್ತು ನಾನು ಈ ಊರಿನಲ್ಲಿ ನಿಂತಿದ್ದೇನೆ ಅಂದರೆ ಅದು ಆ ಅಟ್ಟದಿಂದಲೇ. ಅದಕ್ಕೇ ನಮ್ಮ ಕಡೆಯವರಿಗೆ ಬರೆಯುವಾಗ ಅಲ್ಲಿಂದ ಶುರು ಮಾಡಿದೆ.

ನಾನು ಕೊಳ್ಳೇಗಾಲದ ಮಾದೇಶ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮೈಸೂರಿನ ಒಂದು ಸಣ್ಣ ಫೌಂಡ್ರಿಯಲ್ಲಿ ಮರಳು ಜರಡಿ ಹಿಡಿಯುವುದರಿಂದ ಆರಂಭಿಸಿ ಅಚ್ಚು ಕಟ್ಟುವ ಮೇಸ್ತ್ರಿಯಾದೆ. ಯಾರ ಶಿಫಾರಸೂ ಇಲ್ಲದೆ ಆದೆ ಅನ್ನುವುದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಫೌಂಡ್ರಿ ಮುಚ್ಚಿದ ಮೇಲೆ, ಅಚ್ಚಿನ ಕೆಲಸ ಬಲ್ಲವರಿಗೆ ಬೆಳಗಾವಿಯ ಉದ್ಯಮಬಾಗದಲ್ಲಿ ಬೇಡಿಕೆ ಇದೆ ಎಂದು ಕೇಳಿ ರೈಲು ಹತ್ತಿದೆ. ಹೆಂಡತಿ ರತ್ನ, "ಮೊದ್ಲು ನೀವು ಹೋಗಿ ನೋಡಿ. ಸರಿಹೋದ್ರ ನಾನೂ ಬತ್ತೀನಿ ಕನಾ" ಅಂದಿದ್ದಳು.

ಸರಿಹೋಗುವುದು ಬೇಗ ಆಗಲಿಲ್ಲ. ಇಲ್ಲಿಯದೂ ಕನ್ನಡವೇ, ಅಲ್ಲಿಯದೂ ಕನ್ನಡವೇ ಎಂದುಕೊಂಡು ಬಂದಿದ್ದೆ. ನಮ್ಮ ಕಡೆ 'ಬನ್ನಿ' ಅಂದರೆ ಕೈ ಹಿಡಿದು ಒಳಗೆ ಕರೆದ ಹಾಗಿರುತ್ತದೆ. ಇಲ್ಲಿನವರು 'ಬರ್ರಿ, ಕುಂದರ್ರಿ' ಅಂದಾಗ ನಾನೇನೋ ತಪ್ಪು ಮಾಡಿದ್ದೇನೆ, ಅದಕ್ಕೇ ಗದರುತ್ತಿದ್ದಾರೆ ಅನ್ನಿಸುತ್ತಿತ್ತು. ನನ್ನ ಮಾತು ಅವರಿಗೆ ಹೇಗೆ ಕೇಳುತ್ತಿತ್ತೋ, ನಾನು ಬಾಯಿ ಬಿಟ್ಟರೆ ಹುಡುಗರು ನಗುತ್ತಿದ್ದರು. ಉದ್ಯಮಬಾಗದ ಹಿಂದಿನ ಓಣಿಯಲ್ಲಿ ಒಂದು ಖೋಲಿ ಸಿಕ್ಕಿತು. ಖೋಲಿ ಅಂದರೆ ಕೋಣೆ. ಮನೆಯೊಡತಿ ಮರಾಠಿಯವರು, ಎಲ್ಲರೂ ಅವರನ್ನು ಆಯಿ ಅನ್ನುತ್ತಾರೆ, ಅಂದರೆ ಅಮ್ಮ. ಆಯಿ ಮರಾಠಿಯಲ್ಲಿ ಹೇಳುತ್ತಿದ್ದರು, ನಾನು ಕೊಳ್ಳೇಗಾಲದ ಕನ್ನಡದಲ್ಲಿ ತಲೆಯಾಡಿಸುತ್ತಿದ್ದೆ. ನೀರು ಯಾವಾಗ ಬರುತ್ತದೆ, ಬಾಗಿಲು ಯಾವಾಗ ಹಾಕುತ್ತಾರೆ, ಇಷ್ಟಕ್ಕೆ ಅದು ಸಾಕಾಗುತ್ತಿತ್ತು.

ಊಟದ ಪಾಡು ಬೇರೆ. ಖಾನಾವಳಿಯ ಜೋಳದ ರೊಟ್ಟಿ ಚೆನ್ನಾಗಿರುತ್ತದೆ, ಸುಳ್ಳು ಹೇಳಬಾರದು. ಆದರೆ ಮುದ್ದೆ ನುಂಗಿ ಬೆಳೆದ ಗಂಟಲಿಗೆ ಅದನ್ನು ಅಗಿಯುವುದೇ ಒಂದು ಪಾಳಿಯ ಕೆಲಸದ ಹಾಗೆ ಕಾಣುತ್ತಿತ್ತು. ಭಾನುವಾರ ಬಂದರೆ ಇನ್ನೂ ಕಷ್ಟ. ಕೋಟೆಗೆ ಹೋಗಿ ಕಂದಕದ ದಂಡೆಯಲ್ಲಿ ಕೂತು, ಬಸದಿ ನೋಡಲು ಬಂದವರನ್ನು ನೋಡಿ ಎದ್ದು ಬರುತ್ತಿದ್ದೆ.

ಹೀಗೆ ಕೂತಿದ್ದನ್ನು ನಮ್ಮ ಕುಲುಮೆಯ ಈರಣ್ಣ ಕಂಡ. ಈರಣ್ಣ ಬಸವಣ್ಣನ ಒಕ್ಕಲು, ಹುಟ್ಟಿದ್ದು ಖಾನಾಪುರದ ಹತ್ತಿರದ ಹಳ್ಳಿ, ಕೆಲಸದಲ್ಲಿ ನನ್ನ ಸಮಸಮ. ಮಾರನೇ ಭಾನುವಾರ ಖೋಲಿಯ ಮುಂದೆ ಬಂದು ನಿಂತು, "ಮೇಸ್ತ್ರಿ, ಹಿಂಗ ಒಬ್ಬರ ಕುಂತ್ರ ತಲಿ ಕೆಡತೈತಿ. ನಡ್ರಿ, ಖಾನಾಪುರಕ್ಕ ಹೋಗೂಣು" ಅಂದ. ಬಸ್ಸು ನಮ್ಮ ಫೌಂಡ್ರಿಯ ಮುಂದಿನಿಂದಲೇ ಹಾದು ಹೋಗುತ್ತದೆ. ಹತ್ತಿದೆ.

ಆ ಅಟ್ಟದ ಯಜಮಾನರು ಜಿನ್ನಪ್ಪ ಕಾಕಾ. ಜೈನರು, ಮೂರು ತಲೆಮಾರಿನಿಂದ ಹಂಚಿನ ವ್ಯಾಪಾರ. ಅವರ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾಗ, ಯಾವುದೋ ದೇಶದ ಬಂದರಿನಲ್ಲಿ ಜೊತೆಯ ಖಲಾಸಿಯೊಬ್ಬನಿಂದ ಈ ಆಟ ಕಲಿತು ಬಂದಿದ್ದರಂತೆ. ಬೇಸ್‌ಬಾಲ್ ಪಂದ್ಯವನ್ನು ಕಾರ್ಡು ಮತ್ತು ದಾಳದಲ್ಲಿ ಆಡುವುದು. ಮಳೆಗಾಲದಲ್ಲಿ ಹಂಚು ಕೊಳ್ಳುವವರು ಇರುವುದಿಲ್ಲವಾದ್ದರಿಂದ, ಮೊದಲ ಮಳೆಯಿಂದ ದೀಪಾವಳಿಯವರೆಗೆ ಭಾನುವಾರ ಅಟ್ಟದಲ್ಲಿ ಲೀಗು. ಆರು ತಂಡ. ಕಾಕಾ ತಾವು ಆಡುವುದಿಲ್ಲ, ಅಂಪೈರು. ಆ ಆರು ಜನರಲ್ಲಿ ಒಬ್ಬರೂ ಬೇಸ್‌ಬಾಲ್ ಪಂದ್ಯವನ್ನು ಮೈದಾನದಲ್ಲಿ ಕಣ್ಣಾರೆ ನೋಡಿದವರಲ್ಲ. ನಾನೂ ಇವತ್ತಿನವರೆಗೆ ನೋಡಿಲ್ಲ.

ಕಾರ್ಡುಗಳ ಬಗ್ಗೆ ಹೇಳಲೇಬೇಕು. ಕಾಕಾ ಅವನ್ನು ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸುತ್ತಾರೆ. ಯಾರ ಮದುವೆಯ ಪತ್ರಿಕೆಯೋ ಆ ಮದುಮಗನ ಹೆಸರೇ ಆಟಗಾರನ ಹೆಸರು. ಮುಂಬದಿಯಲ್ಲಿ ಅವನು ಯಾವ ಕೈಯಲ್ಲಿ ಬೀಸುತ್ತಾನೆ, ಎಷ್ಟು ಜೋರಾಗಿ ಓಡುತ್ತಾನೆ ಎಂದು ದಾಳದ ಅಂಕಿಗಳು. ತಿರುಗಿಸಿದರೆ ಅರ್ಧ ಗಣಪತಿ, ಅರ್ಧ ಕಳಸ, 'ಚಿ. ರಾ. ತುಕಾರಾಮ'. ವರ್ಷವರ್ಷವೂ ಕಾರ್ಡಿನವರಿಗೆ ವಯಸ್ಸಾಗುತ್ತದೆ, ಹಳಬರು ಬಿಡುತ್ತಾರೆ, ಆ ಬೇಸಿಗೆಯ ಮದುಮಕ್ಕಳು ಹೊಸದಾಗಿ ಬರುತ್ತಾರೆ. ತನಗೆ ಬಂದ ಪತ್ರಿಕೆಯನ್ನು ಯಾರು ತರುತ್ತಾರೋ ಆ ಮದುಮಗನ ಮೇಲೆ ಅವರಿಗೇ ಮೊದಲ ಹಕ್ಕು. ನಾನು ಮೊದಲು ಅಲ್ಲಿಗೆ ಹೋದ ವರ್ಷ ಎಲ್ಲರ ಕೈಯಲ್ಲೂ ಪತ್ರಿಕೆಯ ಕಟ್ಟು. ನನ್ನದು ಖಾಲಿ ಕೈ. ಬೆಳಗಾವಿಯಲ್ಲಿ ನನ್ನನ್ನು ಯಾರು ಮದುವೆಗೆ ಕರೆಯಬೇಕು? ಪರವೂರಿನಲ್ಲಿ ಇರುವುದು ಅಂದರೆ ಏನು ಎಂದು ಯಾರಾದರೂ ಕೇಳಿದರೆ, ಮದುವೆಯ ಕಾಲ ಕಳೆದರೂ ಬಾಗಿಲಿಗೆ ಒಂದು ಪತ್ರಿಕೆ ಬಾರದಿರುವುದು ಎಂದು ಹೇಳುತ್ತೇನೆ.

ಆಟ ಕಷ್ಟವಲ್ಲ. ಚೆಂಡು ಎಸೆಯುವವನನ್ನು ಇಲ್ಲಿ 'ಒಗಿಯಾಂವ' ಅನ್ನುತ್ತಾರೆ. ನಮ್ಮಲ್ಲಿ ಒಗೆಯುವುದು ಬಟ್ಟೆಗೆ, ಇಲ್ಲಿ ಒಗೆಯುವುದು ಅಂದರೆ ಎಸೆಯುವುದು. ಅವನು ಒಗೆದದ್ದನ್ನು ಇನ್ನೊಬ್ಬ ಬೀಸಿ ಹೊಡೆದು, ಮೈದಾನದ ಮೂರು ಮೂಲೆ ಮುಟ್ಟಿ ಮನೆ ಮೂಲೆಗೆ ಬಂದರೆ ಒಂದು ರನ್ನು. ಮೂರು ಜನ ಔಟಾದರೆ ಪಾಳಿ ಮುಗಿಯಿತು. ಹೀಗೆ ಒಂಬತ್ತು ಪಾಳಿ. ಹೊರಗಿನಿಂದ ಬಂದ ತಂಡ ಮೊದಲು ಬೀಸುತ್ತದೆ, ಮೈದಾನ ಯಾರದೋ ಅವರು ಕೊನೆಗೆ. ಅದನ್ನು ಕಾಕಾ ನನಗೆ ಹೇಳಿಕೊಟ್ಟ ರೀತಿ ಹೀಗಿತ್ತು:

"ನೋಡ್ರಿ, ಮನ್ಯಾಗ ಬಡಸಿದಂಗ. ಬಂದವ್ರು ಮೊದಲ, ಮನಿಯವ್ರು ಕಡೀಗೆ."

ಖಾನಾಪುರ ಎಂಬ ಹೆಸರಿನ ತಂಡದ ಯಜಮಾನ ಪುಣೆಗೆ ಕೆಲಸಕ್ಕೆ ಹೋಗಿದ್ದರಿಂದ ಒಂದು ಚಾಪೆಯ ಮೂಲೆ ಖಾಲಿ ಇತ್ತು. ಅದನ್ನು ನನಗೆ ಕೊಟ್ಟರು. ಆದರೆ ಒಂದು ಕಟ್ಟಳೆ. ಹೊಸಬನ ತಂಡ ಸಾಲಾಗಿ ಎರಡು ವರ್ಷ ಕೊನೆಗೆ ಬಂದರೆ ಜಾಗ ಬಿಡಬೇಕು. ಕಾಯುತ್ತಿರುವವರು ಇನ್ನೊಬ್ಬರಿದ್ದರು, ರಾಮತೀರ್ಥ ನಗರದ ಬ್ಯಾಂಕಿನ ಸಾಹೇಬರು. ಉಳಿಸಿಕೊಂಡರೆ ಜಾಗ ಕಾಯಂ, ತಂಡಕ್ಕೆ ನಮ್ಮೂರಿನ ಹೆಸರನ್ನೂ ಇಡಬಹುದು. ಆ ಡ್ರೈವರ್, ಅವರ ಹೆಸರು ಪುಂಡಲೀಕ, ತಂಡ ಲೋಂಡಾ, ನಕ್ಕು ಹೇಳಿದರು: "ಅರೇ ಬಾಬಾ, ಎರಡ ವರ್ಷ ಭಾಳ ಆತು. ಕೊಳ್ಳೇಗಾಲದವ್ರು ಒಂದ ಮಳಿಗೆ ಓಡಿ ಹೊಕ್ಕಾರ."

ನನಗೆ ಆ ಮಾತು ನಾಟಿತು. ಕೆಲಸದಲ್ಲಾಗಲಿ ಆಟದಲ್ಲಾಗಲಿ ನನ್ನನ್ನು ಎಬ್ಬಿಸಿ ಕಳಿಸಿದವರು ಇರಲಿಲ್ಲ.

ಮೊದಲ ವರ್ಷ ತಂಡ ಕಟ್ಟಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಒಬ್ಬೊಬ್ಬರಾಗಿ ಸರದಿಯ ಮೇಲೆ ಕಾರ್ಡು ಆರಿಸಬೇಕು. ನಾನು ಎರಡು ತಪ್ಪು ಮಾಡಿದೆ. ಒಂದು, ಕ್ರಿಕೆಟ್ಟು ಕಂಡವನ ಹಾಗೆ ಸಿಕ್ಸರ್ ಹೊಡೆಯುವವರನ್ನೆಲ್ಲ ಬಾಚಿಕೊಂಡೆ. ಎರಡು, ಎಡಗೈಯವರು ಬಂದರೆ ಒಬ್ಬೊಬ್ಬರನ್ನೂ ಪಕ್ಕಕ್ಕೆ ತಳ್ಳಿದೆ. ಈರಣ್ಣ ನನ್ನ ಬಾಜು, ಅಂದರೆ ಪಕ್ಕದಲ್ಲಿ, ಕೂತಿದ್ದ. ಆಟದಲ್ಲಿ ಅವನೂ ಎದುರಾಳಿಯೇ, ತಡೆಯಲಿಲ್ಲ. ನಾನು ಹಾಗೆ ತಳ್ಳಿದ್ದಕ್ಕೆ ಕಾರಣವಿತ್ತು. ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಲ್ಯಾಡಲನ್ನು, ಅಂದರೆ ಉದ್ದ ಹಿಡಿಕೆಯ ಬೋಗುಣಿಯನ್ನು, ಇಬ್ಬರು ಹೊರುತ್ತಾರೆ. ಅಚ್ಚಿಗೆ ಹುಯ್ಯುವಾಗ ಇಬ್ಬರ ಕೈಯೂ ಒಂದೇ ಕಡೆ ತಿರುಗಬೇಕು. ಒಬ್ಬ ಎಡಚನಾದರೆ ಹಿಡಿಕೆ ಜಗ್ಗುತ್ತದೆ, ಕಬ್ಬಿಣ ಕಾಲ ಮೇಲೆ ಚೆಲ್ಲುತ್ತದೆ. ಅದಕ್ಕೇ ನಾವು ಜೋಡಿ ಕಟ್ಟುವಾಗ ಮೊದಲು ನೋಡುವುದು ಕೈ. ತಂಡ ಅಂದರೆ ಒಂದೇ ಕೈಯವರು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆ ತಲೆಯನ್ನೇ ಅಟ್ಟಕ್ಕೂ ಹೊತ್ತುಕೊಂಡು ಹೋಗಿದ್ದೆ.

ಬೇಸ್‌ಬಾಲ್‌ನಲ್ಲಿ ಲೆಕ್ಕ ತಿರುವುಮುರುವು. ಬಲಗೈಯಲ್ಲಿ ಒಗೆದ ಚೆಂಡನ್ನು ಬಲಗೈಯವನಿಗಿಂತ ಎಡಗೈಯವನು ಚೆನ್ನಾಗಿ ಹೊಡೆಯುತ್ತಾನೆ. ಎಡಗೈ ಚೆಂಡಿಗೆ ಬಲಗೈಯವನು. ಒಂದೇ ಕೈಯ ನನ್ನ ತಂಡದ ಎದುರು ಎಲ್ಲರೂ ಬಲಗೈ ಒಗಿಯಾಂವನನ್ನು ಇಳಿಸಿ ಆರಾಮಾಗಿ ಕೂತರು. ಇನ್ನು ಮೈದಾನ. ಒಂದೊಂದು ತಂಡದ್ದೂ ಒಂದೊಂದು ಬಗೆ. ಈರಣ್ಣನ ತಂಡದ ಹೆಸರು ಕೋಟೆ, ಅವನ ಮೈದಾನ ಚಿಕ್ಕದು, ಚೆಂಡು ಕಂದಕಕ್ಕೆ ಬಿದ್ದರೆ ಸಿಕ್ಸರ್ ಲೆಕ್ಕ, ಅಂದರೆ ನೇರ ರನ್ನು. ನನ್ನದು ಕಾಡಂಚಿನ ಖಾನಾಪುರ, ಊರಗಲ, ಅಲ್ಲಿ ಎತ್ತಿ ಹೊಡೆದದ್ದೆಲ್ಲ ಕ್ಯಾಚು. ನನ್ನ ಸಿಕ್ಸರ್ ವೀರರು ಒಬ್ಬರ ಹಿಂದೊಬ್ಬರು ಸಿಕ್ಕಿಬಿದ್ದರು. ದೀಪಾವಳಿಗೆ ನಾನು ಕೊನೆ.

ಇನ್ನೊಂದು ಹೇಳಬೇಕು. ಕೊನೆಗೆ ಬಂದವನಿಗೆ ಮುಂದಿನ ವರ್ಷ ಮೊದಲು ಆರಿಸುವ ಸರದಿ. ಕಾಕಾ ಅದನ್ನು ಹೇಳಿದಾಗ ನನಗೆ ಮುಖ ಬಿಸಿಯಾಯಿತು. "ಅದು ಬೇಡ ಕಾಕಾ. ಎಲ್ಲರ ಹಾಗೆ ಚೀಟಿ ಎತ್ತುತ್ತೇನೆ" ಅಂದೆ.

ಕಾಕಾ ದಾಳವನ್ನು ಹಿತ್ತಾಳೆ ಡಬ್ಬಿಗೆ ಹಾಕುತ್ತಾ, "ಇದು ದಾನ ಅಲ್ರಿ ಮೇಸ್ತ್ರಿ. ಒಬ್ಬಾಂವ ಕಾಯಂ ಸೋತಕೋತ ಹೋದ್ರ ಅಂವ ಬರೂದು ಬಿಡ್ತಾನ. ಐದ ಮಂದಿ ಮ್ಯಾಲ ಆಟ ಆಗೂದಿಲ್ಲ. ನೀವು ನಮಗ ಬೇಕಾಗೀರಿ, ಅದಕ್ಕ ಕೊಡಾಕತ್ತೇವಿ" ಅಂದರು.

ಬೇಕಾಗಿದ್ದೀರಿ ಎಂದು ಬೆಳಗಾವಿಯಲ್ಲಿ ಒಬ್ಬರು ನನಗೆ ಹೇಳಿದ್ದು ಅದೇ ಮೊದಲು. ನನ್ನ ಕೆಲಸ ಬೇಕಾಗಿತ್ತು ಎಲ್ಲರಿಗೂ. ಅದು ಬೇರೆ.

ಆ ಚಳಿಗಾಲಕ್ಕೆ ರತ್ನ ಬಂದಳು. ಜೊತೆಗೆ ಒಂದು ಚೀಲ ರಾಗಿ ಹಿಟ್ಟು, ಮುದ್ದೆ ಕೋಲು. ಖೋಲಿ ಸಾಲದೆ, ಆಯಿಯೇ ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟರು. ಇಬ್ಬರು ಹೆಂಗಸರಿಗೂ ಭಾಷೆ ಒಂದಿಲ್ಲ, ಆದರೂ ನಾನು ಕೆಲಸದಿಂದ ಬರುವ ಹೊತ್ತಿಗೆ ಕೆಳಗಿನ ಕಟ್ಟೆಯ ಮೇಲೆ ಇಬ್ಬರದೂ ನಿಲ್ಲದ ಮಾತು. ಒಂದು ದಿನ ಆಯಿ ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ರತ್ನ "ಅಗೀಬ್ಯಾಡಿ ಆಯಿ, ನುಂಗಿ" ಅಂತ ಗಂಟಲು ತೋರಿಸಿದ್ದನ್ನು ನೋಡಿ ನಾನು ಹೊರಗೆ ಹೋಗಿ ನಕ್ಕು ಬಂದೆ.

ಆಟದ ವಿಷಯ ಕೇಳಿ ಅವಳು, "ಮೀಸ ನರೆತದ ನಿಮ್ಗ. ಊರೂರ ಮದುಮಕ್ಕಳ್ನ ಜೇಬಲ್ಲಿಟ್ಕಂಡು ದಾಳ ಆಡಕ್ಕ ಅಷ್ಟು ದೂರ ಹೋದೀರಾ?" ಅಂದಳು. ಆದರೆ ಎರಡನೇ ವರ್ಷದ ಬೇಸಿಗೆಯಲ್ಲಿ ಊರಿನಿಂದ ನನ್ನ ಅಕ್ಕನ ಮಗನ ಲಗ್ನಪತ್ರಿಕೆ ಬಂದಾಗ ಅವಳೇ ಅದನ್ನು ಹಾಸಿಗೆಯ ಕೆಳಗೆ ಮಡಿಕೆ ಬೀಳದ ಹಾಗೆ ಇಟ್ಟಳು. "ಚಿ. ರಾ. ಸಿದ್ದರಾಜು. ನಮ್ಮ ಹೈದ ಅಲ್ಲೂ ಆಡ್ಲಿ ಬುಡಿ" ಎಂದಳು.

ಅದೇ ವಾರ ಈರಣ್ಣ ಕುಲುಮೆಯ ಹತ್ತಿರ ಬಂದು ಕೈ ಒರೆಸಿಕೊಂಡು ಒಂದು ಪತ್ರಿಕೆ ಕೊಟ್ಟ. ಅವನ ತಂಗಿಯ ಮದುವೆ, ಖಾನಾಪುರದಲ್ಲಿ. ಮೇಲೆ ದುಂಡನೆಯ ಅಕ್ಷರದಲ್ಲಿ ನನ್ನ ಹೆಸರು, ಪಕ್ಕದಲ್ಲಿ 'ಸಹಕುಟುಂಬ'. ಈರಣ್ಣ ಅಂದ: "ಆಟಕ್ಕಂತ ಕೊಟ್ಟದ್ದಲ್ರಿ ಇದು. ಮೊದಲ ಲಗ್ನಕ್ಕ ಬರ್ರಿ. ಕಾರ್ಡ ಆಮ್ಯಾಲ ಕತ್ತರಸ್ರಿ." ಮದುಮಗನ ಹೆಸರು ಬಸವರಾಜ. ಎರಡೂ ಮದುವೆಗೆ ಹೋದೆವು. ಒಂದರಲ್ಲಿ ರತ್ನ ಓಡಾಡಿ ಬಡಿಸಿದಳು, ಇನ್ನೊಂದರಲ್ಲಿ ನಾವಿಬ್ಬರೂ ಹೊಸಬರ ಹಾಗೆ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದೆವು.

ಮಳೆ ಶುರುವಾಗಿ ಆರಿಸುವ ಭಾನುವಾರ ಬಂತು. ಈ ಸಲ ನಾನು ಸುಮ್ಮನೆ ಕೈ ಚಾಚಲಿಲ್ಲ. ಒಂದು ಎರಕ ಹುಯ್ಯುವ ಮೊದಲು ಮರಳು ಎಷ್ಟು ಹಸಿ ಇದೆ ಎಂದು ಹಿಂಡಿ ನೋಡುತ್ತೇವಲ್ಲ, ಹಾಗೆ ಮೊದಲು ನನ್ನ ಮೈದಾನ ನೋಡಿದೆ. ಊರಗಲದ ಮೈದಾನಕ್ಕೆ ಎತ್ತಿ ಹೊಡೆಯುವವರು ಏಕೆ? ನೆಲಕ್ಕಂಟಿ ಸಂದಿಯಲ್ಲಿ ತಳ್ಳಿ ಓಡುವವರು ಬೇಕು, ದೂರದ ಚೆಂಡನ್ನು ಓಡಿ ಹಿಡಿಯುವವರು ಬೇಕು. ಸಿಕ್ಸರ್ ವೀರರನ್ನು ಈರಣ್ಣನಿಗೆ ಕೊಟ್ಟು ಅವನಿಂದ ಓಟಗಾರರನ್ನು ತೆಗೆದುಕೊಂಡೆ. ಅವನ ಕಂದಕಕ್ಕೆ ಅವರು ಸರಿ, ನನ್ನ ಕಾಡಿಗೆ ಇವರು ಸರಿ. ಇಬ್ಬರೂ ಮನಸ್ಸಿನಲ್ಲಿ ನಾನೇ ಗೆದ್ದೆ ಅಂದುಕೊಂಡೆವು. ಒಳ್ಳೆಯ ಅದಲುಬದಲು ಅಂದರೆ ಅದೇ.

ಮೊದಲ ಸರದಿಯಲ್ಲಿ ನಾನು ಎತ್ತಿದ್ದು ಹೆಸರುವಾಸಿ ಬೀಸುವವನನ್ನಲ್ಲ, ಬೀಸುವವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನನ್ನು. ಪುಂಡಲೀಕ ಜೋರಾಗಿ ನಕ್ಕರು. ನಗಲಿ. ಬೀಸುವವರು ರಾಶಿ ಇರುತ್ತಾರೆ, ಆ ಜಾಗಕ್ಕೆ ಒಳ್ಳೆಯವರು ಇಬ್ಬರೋ ಮೂವರೋ. ಕೊನೆಗೆ ಉಳಿದವನನ್ನು ತೆಗೆದುಕೊಂಡರೆ ವರ್ಷವಿಡೀ ಅವನ ಕೈಯಿಂದ ಚೆಂಡು ಜಾರುತ್ತದೆ. ಒಗಿಯಾಂವರ ವಿಷಯದಲ್ಲೂ ಹಾಗೆ. ಒಬ್ಬನೇ ಹುಲಿಯಂಥವನಿದ್ದು ಉಪಯೋಗವಿಲ್ಲ. ಒಮ್ಮೆ ಒಗೆದವನು ನಾಲ್ಕು ಪಂದ್ಯ ಕೂರಬೇಕು. ಆ ನಾಲ್ಕು ಪಂದ್ಯ ಯಾರು ನಿಲ್ಲುತ್ತಾರೆ ಅನ್ನುವುದರಲ್ಲಿ ತಂಡ ಇರುತ್ತದೆ.

ಇನ್ನು ಕೈ. ಅದನ್ನು ಕಾಕಾ ಹೇಳಿಕೊಟ್ಟರೂ ನನ್ನ ತಲೆಗೆ ಇಳಿದದ್ದು ನನ್ನ ದಾರಿಯಲ್ಲಿ. ಲ್ಯಾಡಲಿನಲ್ಲಿ ಇಬ್ಬರೂ ಒಟ್ಟಿಗೆ ಹೊರುತ್ತಾರೆ, ಅದಕ್ಕೆ ಒಂದೇ ಕೈ ಬೇಕು. ಇಲ್ಲಿ ಒಂದು ಜಾಗ, ಒಮ್ಮೆಗೆ ಒಬ್ಬನೇ. ಅಂದರೆ ಇದು ಲ್ಯಾಡಲಲ್ಲ, ಪಾಳಿ. ಹಗಲಿಗೊಬ್ಬ, ರಾತ್ರಿಗೊಬ್ಬ. ಬಲಗೈ ಒಗಿಯಾಂವ ಬಂದರೆ ಎಡಗೈಯವನ ಪಾಳಿ, ಎಡಗೈ ಬಂದರೆ ಬಲಗೈಯವನ ಪಾಳಿ. ಎರಡು ಸಾಧಾರಣ ಕಾರ್ಡು ಸೇರಿ ಒಂದು ದೊಡ್ಡ ಕಾರ್ಡಿನ ಕೆಲಸ ಮಾಡುತ್ತವೆ. ದಾಳ ಉರುಳಿಸಿ ಹೊಸಬರ ಅಂಕಿ ಬರೆದಾಗ ಅಕ್ಕನ ಮಗ ಸಿದ್ದರಾಜು ಎಡಗೈ, ಈರಣ್ಣನ ತಂಗಿಯ ಗಂಡ ಬಸವರಾಜ ಬಲಗೈ. ಇಬ್ಬರದೂ ಸಾಧಾರಣ ಅಂಕಿ. ಇಬ್ಬರನ್ನೂ ಒಂದೇ ಜಾಗಕ್ಕೆ ಕಟ್ಟಿದೆ.

ವರ್ಷ ಚೆನ್ನಾಗಿಯೇ ಸಾಗಿತು. ಆದರೂ ಮೊದಲ ತಿಂಗಳ ಸೋಲುಗಳು ಕಾಲು ಎಳೆದವು. ಕೊನೆಯ ಪಂದ್ಯಕ್ಕೆ ಬಂದಾಗ ನಾನೂ ಪುಂಡಲೀಕರ ಲೋಂಡಾವೂ ತಳದಲ್ಲಿ ಸಮ. ಪಂದ್ಯ ನನ್ನ ಮೈದಾನದಲ್ಲಿ. ಸೋತವನು ಕೊನೆ. ಪುಂಡಲೀಕ ಹಳಬರು, ಅವರಿಗೇನೂ ಆಗುವುದಿಲ್ಲ. ನನಗೆ ಅಟ್ಟ ಹೋಗುತ್ತದೆ.

ಆವತ್ತು ರಾಮತೀರ್ಥ ನಗರದ ಸಾಹೇಬರೂ ನೋಡಲು ಬಂದಿದ್ದರು. ಒಳ್ಳೆಯ ಮನುಷ್ಯರು. ನನ್ನ ಜಾಗಕ್ಕೇ ಬಂದವರು ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಅವರು ಸಂಕೋಚದಿಂದ ಗೋಡೆಗೆ ಒರಗಿ ಕೂತಿದ್ದರು.

ಒಂಬತ್ತನೇ ಪಾಳಿಯಲ್ಲಿ ಮೂರು ಮೂರು ಸಮ. ನನ್ನವರು ಬೀಸುತ್ತಿದ್ದಾರೆ. ಇಬ್ಬರು ಔಟು. ಮೊದಲ ಮೂಲೆಯಲ್ಲಿ ನನ್ನ ಜೋರು ಓಟಗಾರನೊಬ್ಬ ನಿಂತಿದ್ದಾನೆ. ಎದುರಿಗೆ ಪುಂಡಲೀಕರ ಬಲಗೈ ಒಗಿಯಾಂವ, ದಣಿದಿದ್ದಾನೆ. ಮುಂದಿನದು ಸಿದ್ದರಾಜುವಿನ ಜಾಗ. ಅಷ್ಟರಲ್ಲಿ ಕೆಳಗಿನಿಂದ ಕಾಕೂ, ಅಂದರೆ ಕಾಕಾ ಅವರ ಹೆಂಡತಿ, ಕೂಗಿದರು: "ಹೊತ್ತು ಮುಳಗಾಕ ಬಂತು. ಬರ್ರಿ ಊಟಕ್ಕ."

ಕಾಕಾ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅದಕ್ಕೇ ಲೀಗಿನಲ್ಲಿ ಹೊತ್ತಿಳಿದ ಮೇಲೆ ಆಟವೂ ಇಲ್ಲ. ಆಟ ಎಲ್ಲಿದೆಯೋ ಅಲ್ಲಿಗೆ ನಿಲ್ಲಬೇಕು. ಕಾಕಾ ದಾಳ ಡಬ್ಬಿಗೆ ಹಾಕಿ, ಕಾರ್ಡುಗಳ ಮೇಲೆ ಒಂದು ಬಿಳಿ ಪಂಚೆ ಹೊದಿಸಿದರು.

"ಕಾಕಾ, ಒಂದೇ ಒಂದು ಸಲ ಉರುಳಿಸಿದರೆ ಮುಗಿಯುತ್ತೆ" ಅಂದೆ.

"ಅದ ಒಂದು ಮುಂದಿನ ಐತವಾರ ಉರಳಸೂಣು. ಎಲ್ಲಿ ಹೊಕ್ಕಾರ ಅವ್ರು? ಕುಂತಿರ್ತಾರ" ಅಂದು ಕಾಕಾ ಮೆಟ್ಟಿಲಿಳಿದರು.

ಕಾಕೂ ಎಂದಿನಂತೆ ನನ್ನನ್ನೇ ಮೊದಲ ಮಣೆಗೆ ಕೂರಿಸಿದರು. ಪಕ್ಕದಲ್ಲಿ ಬ್ಯಾಂಕಿನ ಸಾಹೇಬರು. ಬೆಳ್ಳುಳ್ಳಿ ಇಲ್ಲದ ಹೀರೇಕಾಯಿ ಪಲ್ಯ, ಬಿಸಿ ರೊಟ್ಟಿ. ಒಂದೇ ರೊಟ್ಟಿಗೆ ಕೈ ತೊಳೆದೆ.

ಆ ವಾರ ನನ್ನ ಮನೆಯಲ್ಲಿ ಸಿದ್ದರಾಜುವಿನದೇ ಮಾತು. ಊರಿಗೆ ಫೋನು ಮಾಡಿದಾಗ ಅವನಿಗೇ ಹೇಳಿದೆ, ನೀನು ಭಾನುವಾರ ಆಡುತ್ತೀಯ ಅಂತ. "ಆಗ್ಲಿ ಮಾವ, ಹೊಡ್ದುಬುಡ್ತೀನಿ" ಅಂದ. ಅವನ ಹಿಂದಿನಿಂದ ಅಕ್ಕ, "ಅವ್ನು ಮದ್ವ ಆದ್ಮ್ಯಾಕ ಒಂದು ಕೊಡ ನೀರು ಎತ್ತಿಲ್ಲ ಕನ, ಅಲ್ಲೇನು ಹೊಡ್ದಾನು" ಅನ್ನುವುದು ಕೇಳಿಸಿತು. ನಗು ಬಂದರೂ ನನ್ನ ಲೆಕ್ಕ ಗಟ್ಟಿಯಾಗಿತ್ತು. ಬಲಗೈ ಚೆಂಡು, ದಣಿದ ಕೈ, ಎಡಗೈ ಬೀಸು. ನಮ್ಮೂರಿನವನು ಹೊಡೆಯುತ್ತಾನೆ, ನಮ್ಮೂರಿನ ಹೆಸರು ಉಳಿಯುತ್ತದೆ. ಅಚ್ಚು ಕಟ್ಟುವಾಗಲೂ ಅದೇ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು.

ಭಾನುವಾರ ಕಾಕಾ ಪಂಚೆ ತೆಗೆದರು. ನಾನು ಸಿದ್ದರಾಜುವಿನ ಕಾರ್ಡು ಮುಂದಿಟ್ಟೆ.

ಪುಂಡಲೀಕ ಗಲ್ಲ ಕೆರೆದುಕೊಂಡರು. "ನಿಮಗ ಒಂದ ವಾರ ಸಿಕ್ಕಂಗ ನನಗೂ ಸಿಕ್ಕೈತಿ ಮೇಸ್ತ್ರಿ. ಬಸ್ ಹೊಡೀಕೋತ ಇದನ್ನ ಇಚಾರ ಮಾಡೇನಿ" ಅಂದು, ದಣಿದವನನ್ನು ತೆಗೆದು ಹೊಸಬನನ್ನು ಇಳಿಸಿದರು. ಎಡಗೈ ಒಗಿಯಾಂವ.

ಎಡಗೈ ಚೆಂಡಿಗೆ ಎಡಗೈ ಬೀಸು, ಅಂದರೆ ಸಿದ್ದರಾಜು ಹೊಡೆಯುವ ಅಂಕಿ ಅರ್ಧಕ್ಕರ್ಧ ಕಡಿಮೆ. ಪಕ್ಕದಲ್ಲಿ ಬಸವರಾಜನ ಕಾರ್ಡು ಕೂತಿತ್ತು. ಪುಂಡಲೀಕರಿಗೆ ಮತ್ತೆ ಬದಲಿಸುವ ಹಾಗಿಲ್ಲ, ಇಳಿದ ಒಗಿಯಾಂವ ಒಬ್ಬನಿಗಾದರೂ ಒಗೆಯಲೇಬೇಕು. ಲೆಕ್ಕ ಅಂಗೈಯಷ್ಟು ಸ್ಪಷ್ಟ. ಆದರೂ ಕೈ ಏಳಲಿಲ್ಲ. ವಾರವೆಲ್ಲ ಮಾತು ಕೊಟ್ಟವನು ನಾನು. ನಮ್ಮವನನ್ನು ಕೂರಿಸಿ ಇಲ್ಲಿಯವನನ್ನು ಕಳಿಸಿದರೆ, ಗೆದ್ದರೂ ಊರಿಗೆ ಏನು ಹೇಳಲಿ?

ಈರಣ್ಣ ಮೆಲ್ಲಗೆ, "ನಮ್ಮ ತಂಗಿ ಗಂಡ ಅಂತ ಹೇಳಾಕತ್ತಿಲ್ರಿ, ಆದ್ರ ಪಾಳಿ ಅವಂದ ಐತಿ" ಅಂದ.

ಪಾಳಿ ಅನ್ನುವ ಮಾತು ಕೇಳಿದ ಮೇಲೆ ಫೌಂಡ್ರಿಯವನು ಇನ್ನೇನು ಮಾಡಬೇಕು? ಸಿದ್ದರಾಜುವನ್ನು ಎತ್ತಿ ಜೇಬಿಗಿಟ್ಟುಕೊಂಡೆ. ಬಸವರಾಜನನ್ನು ಮುಂದಿಟ್ಟೆ. ದಾಳ ಉರುಳಿಸಿದೆ.

ಸಿಕ್ಸರ್ ಅಲ್ಲ. ನೆಲಕ್ಕಂಟಿದ ಹೊಡೆತ, ಬಲಗಡೆಯ ದೂರದ ಮೂಲೆಗೆ. ಕೋಟೆಯ ಮೈದಾನವಾಗಿದ್ದರೆ ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು, ಓಟಗಾರ ಮೂರನೇ ಮೂಲೆಯಲ್ಲೇ ನಿಲ್ಲಬೇಕಾಗುತ್ತಿತ್ತು. ಖಾನಾಪುರದಲ್ಲಿ ಚೆಂಡು ಉರುಳುತ್ತಲೇ ಇರುತ್ತದೆ. ಕಾಕಾ ಓಟಗಾರನ ಅಂಕಿ ನೋಡಿದರು, ಮೈದಾನದ ಅಂಕಿ ನೋಡಿದರು, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

"ಮನಿ ಮುಟ್ಟಿದಾ" ಅಂದರು.

ಮೊದಲು ಚಪ್ಪಾಳೆ ತಟ್ಟಿದ್ದು ಬ್ಯಾಂಕಿನ ಸಾಹೇಬರು. ಪುಂಡಲೀಕ ನನ್ನ ಬೆನ್ನಿಗೆ ಒಂದು ಗುದ್ದಿ, "ಆತ್ ಬಿಡ್ರಿ. ಬರೂ ವರ್ಷ ಮೊದಲ ಆರಸೂ ಪಾಳಿ ನಂದು. ನಿಮ್ಮಂಗ ಬ್ಯಾಡಂತ ಹಟಾ ಹಿಡಿಯಾಂವ ಅಲ್ಲ ನಾನು" ಅಂದರು.

ಕಾಕಾ ಹೊಸ ರಟ್ಟು ತೆಗೆದು ಕೇಳಿದರು, ತಂಡದ ಹೆಸರೇನು ಎಂದು. ಕೊಳ್ಳೇಗಾಲ ಅಂದೆ. ಬರೆದರು. "ಮೈದಾನಾನೂ ನಿಮ್ಮೂರಂದ ಮಾಡೂಣೇನು? ಹೆಂಗೈತಿ ಅಲ್ಲಿ?"

ನೆನೆದು ನೋಡಿದೆ. ನಾವು ಆಡುತ್ತಿದ್ದ ಬಯಲು ಚಿಕ್ಕದು, ಮೂರು ಕಡೆ ಮನೆ, ಒಣ ಬಿಸಿಲು. ಎತ್ತಿ ಹೊಡೆದರೆ ಯಾರದಾದರೂ ತಾರಸಿಗೆ ಬೀಳುತ್ತಿತ್ತು. ಅಲ್ಲಿ ನನ್ನ ಓಟಗಾರರು ಏನು ಮಾಡಿಯಾರು? ಓಡುವುದಕ್ಕೆ ಜಾಗವೇ ಇಲ್ಲ. ಎರಡು ವರ್ಷ ಕಷ್ಟಪಟ್ಟು ಈ ಅಗಲಕ್ಕೆ ಕಟ್ಟಿದ ತಂಡ ಅದು.

"ಮೈದಾನ ಇದೇ ಇರಲಿ ಕಾಕಾ" ಅಂದೆ.

ಪುಂಡಲೀಕ ಬಿಡುವವರಲ್ಲ. "ಹೆಸರು ಕೊಳ್ಳೇಗಾಲ, ವಸ್ತಿ ಖಾನಾಪುರ. ರೇಶನ್ ಕಾರ್ಡ ಯಾವ ಊರಾಗ ಮಾಡಸೂದ್ರಿ ಇವ್ರಿಗೆ?" ಎಲ್ಲರೂ ನಕ್ಕರು, ನಾನೂ ನಕ್ಕೆ.

ಕಾಕೂ ಊಟಕ್ಕೆ ಕರೆದರು. ನಾನು ಎಂದಿನ ಹಾಗೆ ಮೊದಲ ಮಣೆಯ ಕಡೆ ಹೋದೆ. ಕಾಕೂ ರೊಟ್ಟಿಯ ಬುಟ್ಟಿ ನನ್ನ ಕೈಗೆ ಕೊಟ್ಟು, "ನೀವು ಆಮ್ಯಾಲ ಕುಂದರ್ರಿ. ಮೊದಲ ಸಾಹೇಬ್ರಿಗೆ, ನಿಮ್ಮ ಕಾಕಾರಿಗೆ ಬಡಸ್ರಿ, ಹೊತ್ತ ಹೊಂಟೈತಿ" ಅಂದರು. ಬಡಿಸಿದೆ. ಎಲ್ಲರದೂ ಆದ ಮೇಲೆ ಅಡುಗೆಮನೆಯ ಹೊಸ್ತಿಲ ಹತ್ತಿರ ನಾನು, ಈರಣ್ಣ, ಪುಂಡಲೀಕ ಕೂತು, ತಳದಲ್ಲಿ ಉಳಿದದ್ದನ್ನು ಹಂಚಿಕೊಂಡು ಉಂಡೆವು. ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ಈ ಊರಿನಲ್ಲಿ ಅದಕ್ಕೆ ಮೊದಲು ತಿಂದಿರಲಿಲ್ಲ. ಗಂಟಲಿಗೂ ಅಭ್ಯಾಸವಾಗಿತ್ತು.

ಸಂಕ್ರಾಂತಿಗೆ ರತ್ನನ ಜೊತೆ ಊರಿಗೆ ಹೋಗಿದ್ದೆ. ಸಿದ್ದರಾಜು ಬಾಗಿಲಲ್ಲೇ ಕಾಯುತ್ತಿದ್ದ. "ನನ್ನ ಕೂರಿಸ್ಬುಟ್ರಂತಲ್ಲ ಮಾವ" ಅಂದ. "ನಿನ್ನ ಜೋಡಿಯವನು ಹೊಡೆದ, ಅದು ನಿನ್ನದೂ ಹೌದು" ಅಂದೆ. ಅವನಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಅವನ ಕಾರ್ಡು ಅಂಗಿಯ ಜೇಬಿನಲ್ಲೇ ಇತ್ತು. ತೆಗೆದು ತೋರಿಸಿದೆ. ತಿರುಗಿಸಿ, ತನ್ನ ಮದುವೆಯ ಅರ್ಧ ಗಣಪತಿಯನ್ನು ನೋಡಿ ಸಮಾಧಾನವಾದ.

ಹಿತ್ತಲಲ್ಲಿ ಕೈಕಾಲು ತೊಳೆದು ಒಳಗೆ ಬಂದರೆ ಮನೆ ತುಂಬ ಜನ. ತಮ್ಮಂದಿರು, ಅವರ ಮಕ್ಕಳು, ಅಕ್ಕನ ಮನೆಯವರು. ಅವ್ವ ಅಡುಗೆಮನೆಯಿಂದ ಮುದ್ದೆಯ ತಟ್ಟೆ ಹಿಡಿದು ಬಂದಳು. ಚಿಕ್ಕಂದಿನಿಂದಲೂ ಆ ಮನೆಯಲ್ಲಿ ನೆಂಟರಿಗೆ ಬಡಿಸುತ್ತಿದ್ದವನು ನಾನು, ನೀರಿನ ಚೆಂಬು ಎಲ್ಲಿರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಚೆಂಬಿಗೆ ಕೈ ಚಾಚಿದೆ.

ಅವ್ವ ನನ್ನ ಮೊಣಕೈ ಹಿಡಿದು ಕೂರಿಸಿದಳು. "ನೀ ಕೂತ್ಕ ಮಗ. ಅಷ್ಟು ದೂರದಿಂದ ಬಂದಿದ್ದೀಯ. ಮೊದ್ಲು ನೀ ಉಣ್ಣು, ಅವ್ರೆಲ್ಲ ಆಮ್ಯಾಕ ಉಣ್ತಾರ."

ಉಂಡೆ. ಮುದ್ದೆ ಬಿಸಿಯಾಗಿತ್ತು, ಸಾರು ನಮ್ಮವ್ವನ ಕೈಯದು, ಯಾವುದಕ್ಕೂ ಕೊರತೆ ಇರಲಿಲ್ಲ. ಉಳಿದವರು ಗೋಡೆಗೆ ಒರಗಿ ನನ್ನ ಊಟ ಮುಗಿಯುವುದನ್ನು ಕಾಯುತ್ತಿದ್ದರು.